ನಿಲ್ಲಿಸಿಟ್ಟ ಆರ್‌ವಿಯ ಬ್ಯಾಟರಿ ಯಾಕೆ ಇಳಿಯುತ್ತದೆ? ಕರೆಂಟ್ ತಿನ್ನುವ ಸಾಧನವನ್ನು ಹುಡುಕುವ ಸಮಗ್ರ ಮಾರ್ಗದರ್ಶಿ

ಆರ್‌ವಿ ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಪ್ರವಾಸದ ಗಾಡಿ. ಡಿಸೆಂಬರ್‌ನಲ್ಲಿ ಅಂಥದೊಂದು ಟ್ರೇಲರನ್ನು ಸ್ಟೋರೇಜ್ ಲಾಟ್‌ನಲ್ಲಿ ನಿಲ್ಲಿಸುತ್ತೀರಿ. ದೀಪಗಳನ್ನೆಲ್ಲ ಆರಿಸಿ, ಬಾಗಿಲ ಪಕ್ಕದ ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ಚನ್ನೂ ಒತ್ತಿ ಊರಿಗೆ ಹೋಗುತ್ತೀರಿ. ಐದಾರು ವಾರ ಬಿಟ್ಟು ಬಂದರೆ ಟ್ರೇಲರಿನ ಮೂತಿ ಎತ್ತಿ ಇಳಿಸುವ ಟಂಗ್ ಜ್ಯಾಕ್ ಅಲುಗುವುದೇ ಇಲ್ಲ. ಬ್ಯಾಟರಿ ಹಾಳಾಗಿದೆ ಅಂತ ಹೊಸದು ಹಾಕಿಸುತ್ತೀರಿ. ಮುಂದಿನ ಸಲವೂ ಅದೇ ಕತೆ.

ಅಮೆರಿಕದಲ್ಲಿ ಆರ್‌ವಿ ಇಟ್ಟುಕೊಂಡಿರುವ ನಮ್ಮವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಅಳೆಯುವ ಮೊದಲೇ ಖರ್ಚು ಮಾಡುತ್ತಾರೆ. ಒಬ್ಬರು ಹೊಸ ಬ್ಯಾಟರಿ ತರುತ್ತಾರೆ, ಇನ್ನೊಬ್ಬರು ಸೋಲಾರ್ ಪ್ಯಾನೆಲ್ ಏರಿಸುತ್ತಾರೆ, ಮತ್ತೊಬ್ಬರು ಸಿಕ್ಕಸಿಕ್ಕ ಫ್ಯೂಸ್ ಕಿತ್ತು ನೋಡುತ್ತಾರೆ. ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಬ್ಯಾಟರಿ ಸರಿ ಇದೆಯೇ ಅಂತ ನೋಡಿ, ಆಮೇಲೆ ಒಟ್ಟು ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಅಳೆಯಿರಿ, ಆಮೇಲೆ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಹುಡುಕಿ. ರಿಪೇರಿ ಕೊನೆಗೆ.

ಇಲ್ಲಿ ಹೇಳುವುದು ಟ್ರಾವೆಲ್ ಟ್ರೇಲರ್, ಫಿಫ್ತ್ ವೀಲ್ (ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೊಂಡಿ ಕೂರುವ ಟ್ರೇಲರ್) ಮತ್ತು ಮೋಟರ್‌ಹೋಮ್‌ಗಳ 12 ವೋಲ್ಟ್ ಹೌಸ್ ಬ್ಯಾಟರಿಯ ಬಗ್ಗೆ, ಅಂದರೆ ಒಳಗಿನ ದೀಪ, ಪಂಪ್ ಇತ್ಯಾದಿ ನಡೆಸುವ ಬ್ಯಾಟರಿ. ಮೋಟರ್‌ಹೋಮ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಚಾಸಿ ಬ್ಯಾಟರಿ ಬೇರೆ ಇರುತ್ತದೆ. ಅಳೆಯುವ ವಿಧಾನ ಅದಕ್ಕೂ ಇದೇ, ಆದರೆ ಎರಡನ್ನೂ ಬೇರೆ ಬೇರೆ ಅಳೆಯಬೇಕು. ಬೆಂಗಳೂರಲ್ಲಿ ಟೆಂಪೋ ಟ್ರಾವೆಲರ್ ಮೇಲೆ ಕ್ಯಾಂಪರ್ ಕಟ್ಟಿಸಿಕೊಂಡವರಿಗೂ 12 ವೋಲ್ಟ್ ಕಡೆಯ ಕೆಲಸ ಹೀಗೇ. ಹೊರಗಿನ ಕರೆಂಟ್ ಮಾತ್ರ ಅಲ್ಲಿ 120 ವೋಲ್ಟ್ ಅಲ್ಲ, 230 ವೋಲ್ಟ್.

## ಶುರು ಮಾಡುವ ಮೊದಲು ಒಂದು ಲೆಕ್ಕ

100 ಆಂಪ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿ ನಿಜವಾಗಿ ಬಳಸಬಹುದಾದ್ದು ಸುಮಾರು 50. (1 ಆಂಪ್ ಕರೆಂಟ್ ಒಂದು ಗಂಟೆ ಹೋದರೆ 1 ಆಂಪ್ ಅವರ್.) ಅದಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ.

ಎಲ್ಲ ಆಫ್ ಮಾಡಿದ ಮೇಲೂ 0.25 ಆಂಪ್ ಹೋಗುತ್ತಿದೆ ಅಂತಿಟ್ಟುಕೊಳ್ಳಿ. 24 ಗಂಟೆಗೆ 6 ಆಂಪ್ ಅವರ್ ಆಯಿತು. ಎಂಟು ದಿನಕ್ಕೆ ಬ್ಯಾಟರಿ ಅರ್ಧ ಖಾಲಿ. ಬರೀ 0.04 ಆಂಪ್ ಹೋದರೂ ದಿನಕ್ಕೆ ಹತ್ತಿರ ಹತ್ತಿರ 1 ಆಂಪ್ ಅವರ್, ಅಂದರೆ ಐವತ್ತು ದಿನಕ್ಕೆ ಅದೇ ಸ್ಥಿತಿ. ಇದರ ಜೊತೆಗೆ ಬ್ಯಾಟರಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ತಿಂಗಳಿಗೆ ಸುಮಾರು 5 ಶೇಕಡಾ, ಅರಿಜೋನಾದಂಥ ಸೆಕೆಯಲ್ಲಿ ಇನ್ನೂ ಜಾಸ್ತಿ.

ಹಾಗಾಗಿ "ಬರೀ ಒಂದು ಪುಟ್ಟ ಎಲ್‌ಇಡಿ ಉರೀತಿದೆ, ಅದೇನು ಮಹಾ" ಅನ್ನುವ ಮಾತು ವಾರಾಂತ್ಯದ ಟ್ರಿಪ್ಪಿಗೆ ಸರಿ. ಎರಡು ತಿಂಗಳು ನಿಲ್ಲಿಸಿಡುವ ಗಾಡಿಗೆ ಸರಿಯಲ್ಲ.

## ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು ಬೇಕೇ ಬೇಕು. ಅದರಲ್ಲಿ 10 ಆಂಪ್ ಡಿಸಿ ಅಳೆಯುವ ತೂತು ಇರಬೇಕು, ಆ ತೂತಿಗೆ ಒಳಗೆ ಫ್ಯೂಸ್ ಇರಬೇಕು. ಮಿಲಿ ವೋಲ್ಟ್‌ನಲ್ಲಿ 0.1ರವರೆಗೆ ತೋರಿಸುವ ಮೀಟರ್ ಆದರೆ ಮುಂದೆ ಫ್ಯೂಸ್ ಪರೀಕ್ಷೆ ಸುಲಭವಾಗುತ್ತದೆ.

ಕ್ಲ್ಯಾಂಪ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಕೊಳ್ಳುವಾಗ ಹುಷಾರು. ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಹೆಚ್ಚಿನವು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ. ಡಿಸಿ ಆಂಪ್ ಅಂತ ಸ್ಪಷ್ಟವಾಗಿ ಬರೆದಿರಬೇಕು. ಪ್ರತಿ ಸಲವೂ ವೈರ್ ಹಿಡಿಯುವ ಮೊದಲು ಸೊನ್ನೆ ಮಾಡಿಕೊಳ್ಳಬೇಕು.

ಉಳಿದದ್ದು ಚಿಲ್ಲರೆ: ಬ್ಯಾಟರಿ ನಟ್‌ಗೆ ಹೊಂದುವ ಸ್ಪ್ಯಾನರ್, ಎರಡು ತುದಿಗೂ ಮೊಸಳೆ ಕ್ಲಿಪ್ ಇರುವ ದಪ್ಪ ವೈರ್, ಪ್ಲಾಸ್ಟಿಕ್ ಫ್ಯೂಸ್ ಪುಲ್ಲರ್, ಕಣ್ಣಿಗೆ ಕನ್ನಡಕ, ಕೈಗವಸು, ಗುರುತು ಹಾಕಲು ಟೇಪು, ಬರೆದುಕೊಳ್ಳಲು ಪೆನ್ನು ಹಾಳೆ. ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ. ಪಾಸಿಟಿವ್ ಮತ್ತು ಫ್ರೇಮ್ ನಡುವೆ ಉಂಗುರ ಸಿಕ್ಕಿಕೊಂಡರೆ ಬೆರಳು ಸುಟ್ಟೇ ಹೋಗುತ್ತದೆ.

## ಹಂತ 1: ಬ್ಯಾಟರಿ ಸರಿ ಇದೆಯೇ ನೋಡಿ

ಈ ಹಂತ ಬಿಟ್ಟವರೇ ಜಾಸ್ತಿ. ಒಳಗೇ ಕೆಟ್ಟಿರುವ ಬ್ಯಾಟರಿ ಇಟ್ಟುಕೊಂಡು ದಿನಗಟ್ಟಲೆ ವೈರ್ ಹುಡುಕಿದರೆ ಏನೂ ಸಿಗುವುದಿಲ್ಲ.

ಪೂರ್ತಿ ಚಾರ್ಜ್ ಮಾಡಿ. ಚಾರ್ಜರ್ ತೆಗೆದು, ನೆಗೆಟಿವ್ ಕೇಬಲ್ ಬಿಚ್ಚಿ, ಒಂದು ರಾತ್ರಿ ಹಾಗೇ ಬಿಡಿ. ಚಾರ್ಜರ್ ತೆಗೆದ ಕೂಡಲೇ ಅಳೆದರೆ 13 ವೋಲ್ಟ್‌ಗಿಂತ ಮೇಲೆ ತೋರಿಸುತ್ತದೆ, ಅದನ್ನು ನಂಬಬೇಡಿ. ಬೆಳಿಗ್ಗೆ ಸುಮಾರು 12.7 ಇದ್ದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.1 ಅಂದರೆ ಅರ್ಧ.

ಈಗ ಇನ್ನೂ ಎರಡು ದಿನ ಕೇಬಲ್ ಬಿಚ್ಚಿಯೇ ಇಡಿ. ಮತ್ತೆ ಅಳೆಯಿರಿ. ಏನೂ ಜೋಡಿಸದೆ ಇದ್ದಾಗಲೂ 12.7ರಿಂದ 12.3ಕ್ಕೆ ಬಂದಿದ್ದರೆ ತಪ್ಪು ಬ್ಯಾಟರಿಯದ್ದೇ. ಅಮೆರಿಕದ ಅನೇಕ ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಬಿಟ್ಟಿಯಾಗಿ ಲೋಡ್ ಟೆಸ್ಟ್ ಮಾಡಿಕೊಡುತ್ತಾರೆ, ಅಲ್ಲಿಗೂ ಒಯ್ಯಬಹುದು. ಫಲಿತಾಂಶ ಏನೇ ಬರಲಿ, ಕೌಂಟರ್‌ನಲ್ಲಿ ಹೊಸ ಬ್ಯಾಟರಿ ತೋರಿಸುತ್ತಾರೆ. ವೋಲ್ಟೇಜು ನೀವೇ ಬರೆದಿಟ್ಟುಕೊಂಡಿದ್ದರೆ ಧೈರ್ಯವಾಗಿ ಬೇಡ ಅನ್ನಬಹುದು.

ಎರಡು 12 ವೋಲ್ಟ್ ಬ್ಯಾಟರಿ ಪ್ಯಾರಲಲ್ ಇದ್ದರೆ ನಡುವಿನ ಕೇಬಲ್ ಬಿಚ್ಚಿ ಒಂದೊಂದನ್ನೇ ನೋಡಿ. ಕೆಟ್ಟದ್ದು ಒಳ್ಳೆಯದನ್ನೂ ಎಳೆದುಹಾಕುತ್ತದೆ. ಎರಡು 6 ವೋಲ್ಟ್ ಗಾಲ್ಫ್ ಕಾರ್ಟ್ ಬ್ಯಾಟರಿಗಳಾದರೆ ಎರಡರಲ್ಲೂ 6.3 ವೋಲ್ಟ್ ಆಸುಪಾಸಿನಲ್ಲಿ ಒಂದೇ ಸಮ ಇರಬೇಕು.

ಎಚ್ಚರಿಕೆ. ಬದಿ ಉಬ್ಬಿದ, ಹೆಪ್ಪುಗಟ್ಟಿದ ಬ್ಯಾಟರಿಯನ್ನು ಯಾವತ್ತೂ ಚಾರ್ಜ್ ಮಾಡಬೇಡಿ. ಸಿಡಿಯಬಹುದು. ಪೂರ್ತಿ ತುಂಬಿದ ಲೆಡ್ ಆಸಿಡ್ ಬ್ಯಾಟರಿ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಪ್ಪುಗಟ್ಟುವುದಿಲ್ಲ, ಆದರೆ ಖಾಲಿಯಾದದ್ದು ಮೈನಸ್ 7ರಿಂದ ಮೈನಸ್ 10ರ ಹೊತ್ತಿಗೇ, ಅಂದರೆ 14ರಿಂದ 20 ಡಿಗ್ರಿ ಫ್ಯಾರನ್‌ಹೀಟ್‌ಗೇ ಗಟ್ಟಿಯಾಗುತ್ತದೆ. ಮಿನೆಸೋಟ, ಇಲಿನಾಯ್ ಕಡೆಯವರ ಬ್ಯಾಟರಿ ಚಳಿಗಾಲದಲ್ಲಿ ಒಡೆಯುವುದು ಬರೀ ಚಳಿಗಲ್ಲ. ಮೊದಲು ಖಾಲಿಯಾಗಿ, ಆಮೇಲೆ ಚಳಿಗೆ ಒಡೆಯುತ್ತದೆ.

### ಲಿಥಿಯಂ ಇದ್ದವರಿಗೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ವೋಲ್ಟೇಜು ನೋಡಿ ಚಾರ್ಜ್ ಹೇಳಲು ಆಗುವುದಿಲ್ಲ. ಅರ್ಧ ಇದ್ದರೂ 13.2, ಮುಕ್ಕಾಲು ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಶಂಟ್ (ಹೋಗಿ ಬರುವ ಕರೆಂಟನ್ನು ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಬೇಕು.

ಮೀಟರ್ ಸೊನ್ನೆ ಅಥವಾ ಒಂದೆರಡು ವೋಲ್ಟ್ ತೋರಿಸಿದರೆ ಬ್ಯಾಟರಿ ಸತ್ತಿದೆ ಅಂತ ಎಸೆಯಬೇಡಿ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ತನ್ನನ್ನು ತಾನೇ ಕಡಿದುಕೊಂಡಿರಬಹುದು. ಲಿಥಿಯಂ ಮೋಡ್ ಇರುವ ಚಾರ್ಜರ್ ಹಾಕಿದರೆ ಎಷ್ಟೋ ಸಲ ಏಳುತ್ತದೆ. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಬಾರದು.

## ಹಂತ 2: ಕರೆಂಟ್ ಬರುವ ದಾರಿಗಳನ್ನೆಲ್ಲ ಮುಚ್ಚಿ

ಹೊರಗೆ ಹೋಗುವುದನ್ನು ಅಳೆಯುವಾಗ ಒಳಗೆ ಬರುವುದು ನಿಂತಿರಬೇಕು. ಇಲ್ಲದಿದ್ದರೆ ಬರುವ ಲೆಕ್ಕ ತಪ್ಪು.

1. ಶೋರ್ ಪವರ್, ಅಂದರೆ ಹೊರಗಿನ ಕರೆಂಟಿನ ಪ್ಲಗ್ ಕಿತ್ತಿಡಿ. ಜನರೇಟರ್ ಆಫ್ ಮಾಡಿ.
2. ಟ್ರಕ್ಕಿಗೆ ಹೋಗುವ 7 ಪಿನ್ ಕನೆಕ್ಟರ್ ಬಿಚ್ಚಿ.
3. ಸೋಲಾರ್ ಇದ್ದರೆ ಮೊದಲು ಪ್ಯಾನೆಲ್ ಕಡೆಯ ವೈರ್ ಬಿಚ್ಚಿ ಅಥವಾ ಪ್ಯಾನೆಲ್ ಮೇಲೆ ಕಪ್ಪು ಬಟ್ಟೆ ಹೊದಿಸಿ. ಬ್ಯಾಟರಿ ಕಡೆಯದನ್ನು ಮೊದಲು ಬಿಚ್ಚಬೇಡಿ, ಕೆಲವು ಕಂಟ್ರೋಲರ್‌ಗಳು ಅದರಿಂದಲೇ ಕೆಡುತ್ತವೆ.
4. ಇನ್ವರ್ಟರ್ ಆಫ್ ಮಾಡಿ. ರಿಮೋಟ್ ಬಟನ್ ಸಾಲದು, ಇನ್ವರ್ಟರ್ ಮೇಲಿನ ಸ್ವಿಚ್ಚನ್ನೇ ಒತ್ತಿ.
5. ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ.

ಈಗ ಗಾಡಿಯನ್ನು ಸ್ಟೋರೇಜ್‌ಗೆ ಬಿಡುವಾಗ ಹೇಗೆ ಇಡುತ್ತೀರೋ ಹಾಗೇ ಇಡಿ. ಫ್ರಿಜ್ ಆಫ್, ಥರ್ಮೋಸ್ಟಾಟ್ ಆಫ್, ವಾಟರ್ ಪಂಪ್ ಆಫ್. ಮಾಮೂಲಿಯಾಗಿ ಮರೆಯುವ ವಸ್ತು ಇದ್ದರೆ ಅದನ್ನೂ ಹಾಗೇ ಬಿಡಿ! ಅದೇ ತಾನೇ ಸಿಗಬೇಕಾದ್ದು.

## ಹಂತ 3: ಒಟ್ಟು ಎಷ್ಟು ಹೋಗುತ್ತಿದೆ ಅಳೆಯಿರಿ

ಮೀಟರಿನ ಕಪ್ಪು ವೈರ್ ಕಾಮನ್ ತೂತಿಗೆ, ಕೆಂಪು ವೈರ್ 10 ಆಂಪ್ ತೂತಿಗೆ. ಡಯಲ್ ಡಿಸಿ ಆಂಪ್‌ಗೆ ತಿರುಗಿಸಿ. ಮಿಲಿ ಆಂಪ್ ತೂತಿನಿಂದ ಶುರು ಮಾಡಬೇಡಿ, ಅದರ ಸಣ್ಣ ಫ್ಯೂಸ್ ಕ್ಷಣದಲ್ಲಿ ಹೋಗುತ್ತದೆ.

ಬ್ಯಾಟರಿಯ ನೆಗೆಟಿವ್ ಕಂಬವನ್ನು ಒಮ್ಮೆ ಚೆನ್ನಾಗಿ ನೋಡಿ. ಟ್ರೇಲರ್‌ಗಳಲ್ಲಿ ಅಲ್ಲಿ ಒಂದೇ ವೈರ್ ಇರುವುದು ಅಪರೂಪ. ದಪ್ಪನೆಯದು ಫ್ರೇಮ್‌ಗೆ, ಇನ್ನೊಂದು ಕನ್ವರ್ಟರ್‌ಗೆ (ಹೊರಗಿನ ಕರೆಂಟನ್ನು 12 ವೋಲ್ಟ್ ಮಾಡುವ ಸಾಧನ), ಸಣ್ಣದೊಂದು ಸೋಲಾರ್‌ಗೆ ಅಂತ ಮೂರ್ನಾಲ್ಕು ಇರುತ್ತವೆ. ಒಂದನ್ನು ಮಾತ್ರ ಬಿಚ್ಚಿ ಮೀಟರ್ ಹಾಕಿದರೆ ಕರೆಂಟ್ ಉಳಿದವುಗಳಲ್ಲಿ ಹೋಗುತ್ತದೆ. ಮೀಟರ್ ಸೊನ್ನೆ ತೋರಿಸುತ್ತದೆ, ನೀವು "ಸರಿ ಇದೆ" ಅಂತ ಮುಚ್ಚಿಡುತ್ತೀರಿ. ನಾನು ನೋಡಿದ ತಪ್ಪು ಸೊನ್ನೆಗಳಲ್ಲಿ ಬಹುಪಾಲು ಹೀಗೇ ಬಂದವು. ಎಲ್ಲ ನೆಗೆಟಿವ್ ವೈರ್‌ಗಳನ್ನೂ ಒಟ್ಟಿಗೆ ತೆಗೆಯಿರಿ. ಅವುಗಳ ರಿಂಗ್ ತುದಿಗಳನ್ನು ಒಂದು ಬೋಲ್ಟಿಗೆ ಪೋಣಿಸಿ ನಟ್ ಬಿಗಿಯಿರಿ. ಎರಡು ಬ್ಯಾಟರಿ ಇದ್ದರೆ ಅವೆರಡರ ನಡುವಿನ ಕೇಬಲ್ ಹಾಗೇ ಇರಲಿ, ಗಾಡಿಗೆ ಹೋಗುವವನ್ನು ಮಾತ್ರ ಬಿಚ್ಚಿ.

ಇನ್ನು ಅಳತೆ:

1. ಮೊಸಳೆ ಕ್ಲಿಪ್ ವೈರಿನ ಒಂದು ತುದಿಯನ್ನು ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಆ ಬೋಲ್ಟಿಗೆ ಹಾಕಿ. ಗಾಡಿಗೆ ಈಗ ಮತ್ತೆ ಕರೆಂಟ್ ಬಂತು. ಜೋಡಿಸಿದ ಕ್ಷಣದಲ್ಲಿ ಎಲೆಕ್ಟ್ರಾನಿಕ್ಸ್ ಎಲ್ಲ ಒಟ್ಟಿಗೆ ಎಚ್ಚರವಾಗಿ ಜಾಸ್ತಿ ಎಳೆಯುತ್ತವೆ. ಅದನ್ನು ಈ ವೈರ್ ಹೊರುತ್ತದೆ, ಮೀಟರ್ ಉಳಿಯುತ್ತದೆ.
2. ಮೀಟರಿನ ಕೆಂಪು ಮೊನೆ ಬೋಲ್ಟಿಗೆ, ಕಪ್ಪು ಮೊನೆ ಕಂಬಕ್ಕೆ.
3. ಹತ್ತು ಹದಿನೈದು ನಿಮಿಷ ಕಾಯಿರಿ. ಗ್ಯಾಸ್ ಡಿಟೆಕ್ಟರ್, ಸ್ಟೀರಿಯೊ, ಕಂಟ್ರೋಲ್ ಪ್ಯಾನೆಲ್‌ಗಳೆಲ್ಲ ಸುಮ್ಮನಾಗಲಿ.
4. ಮೀಟರ್ ಮೊನೆ ಕದಲದಂತೆ ಹಿಡಿದು ಕ್ಲಿಪ್ ವೈರ್ ತೆಗೆಯಿರಿ. ಈಗ ಕಾಣುವುದೇ ನಿಮ್ಮ ಸ್ಟ್ಯಾಂಡ್‌ಬೈ ಕರೆಂಟ್, ಅಂದರೆ ಏನೂ ಬಳಸದಿದ್ದರೂ ಹೋಗುವುದು. ಬರೆದುಕೊಳ್ಳಿ.

ಡಿಸ್‌ಕನೆಕ್ಟ್ ಸ್ವಿಚ್ ಆನ್ ಇದ್ದಾಗ ಒಮ್ಮೆ, ಆಫ್ ಇದ್ದಾಗ ಒಮ್ಮೆ ಅಳೆಯಿರಿ. ಎರಡು ಅಂಕಿಗಳೂ ಬೇಕು.

ಎಚ್ಚರಿಕೆ. ಮೀಟರ್ ಹೀಗೆ ಜೋಡಿಸಿರುವಾಗ ಯಾರೂ ಸ್ಲೈಡ್ ಔಟ್ (ಹೊರಗೆ ಚಾಚುವ ಕೋಣೆ), ಜ್ಯಾಕ್, ಫರ್ನೇಸ್ (ಬಿಸಿಗಾಳಿಯ ಹೀಟರ್) ಮುಟ್ಟಬಾರದು. ಮಕ್ಕಳು ಒಳಗಿದ್ದರೆ ಮೊದಲೇ ಹೇಳಿಡಿ. ಅಳೆದು ಮುಗಿದ ಕೂಡಲೇ ಕೆಂಪು ವೈರನ್ನು 10 ಆಂಪ್ ತೂತಿನಿಂದ ವೋಲ್ಟ್ ತೂತಿಗೆ ಬದಲಾಯಿಸಿ. ಮರೆತು ಅದರಲ್ಲೇ ಬ್ಯಾಟರಿಯ ಎರಡು ಕಂಬಗಳ ನಡುವೆ ವೋಲ್ಟೇಜು ನೋಡಲು ಹೋದರೆ ನೇರ ಶಾರ್ಟ್.

ಶಂಟ್ ಮಾನಿಟರ್ ಇರುವವರು ಅದರ ಆ್ಯಪ್‌ನಲ್ಲೇ ನೋಡಬಹುದು. ಆದರೆ ಕೆಲವು ಮಾನಿಟರ್‌ಗಳು 0.1 ಆಂಪ್‌ಗಿಂತ ಕಡಿಮೆ ಇದ್ದರೆ ಸೊನ್ನೆ ಅಂತಲೇ ತೋರಿಸುತ್ತವೆ. ಸೆಟ್ಟಿಂಗ್‌ನಲ್ಲಿ ಆ ಮಿತಿಯನ್ನು ಇಳಿಸಿಕೊಳ್ಳಿ.

## ಹಂತ 4: ಅಂಕಿ ಏನು ಹೇಳುತ್ತದೆ

ಸ್ವಿಚ್ ಆನ್ ಇದ್ದು ಉಳಿದದ್ದೆಲ್ಲ ಆಫ್ ಇರುವಾಗ 0.2ರಿಂದ 0.5 ಆಂಪ್ ಹೋಗುವುದು ಇಂದಿನ ಗಾಡಿಗಳಲ್ಲಿ ಮಾಮೂಲು. ಇದು ಕೆಟ್ಟಿರುವ ಲಕ್ಷಣವಲ್ಲ, ಗಾಡಿ ಕಟ್ಟಿರುವುದೇ ಹೀಗೆ. ಸ್ವಿಚ್ ಆಫ್ ಮಾಡಿದ ಮೇಲೂ 0.05ಕ್ಕಿಂತ ಜಾಸ್ತಿ ಇದ್ದರೆ ಸ್ವಿಚ್ಚಿನ ಹಿಂದೆಯೇ ಯಾವುದೋ ವೈರ್ ನೇರ ಬ್ಯಾಟರಿಗೆ ಕೂತಿದೆ. ಎರಡು ಅಂಕಿಗಳೂ ಒಂದೇ ಇದ್ದರೆ ಸ್ವಿಚ್ ಅಥವಾ ಅದರ ರಿಲೇ ಕೆಲಸವೇ ಮಾಡುತ್ತಿಲ್ಲ.

1 ಆಂಪ್ ದಾಟಿದರೆ ಸ್ಟ್ಯಾಂಡ್‌ಬೈ ಅನ್ನುವ ಮಾತೇ ಇಲ್ಲ. ಏನೋ ಒಂದು ಆನ್ ಇದೆ. ಫ್ಯೂಸ್ ಕೀಳುವ ಮೊದಲು ಗಾಡಿ ಸುತ್ತ ಒಂದು ಸುತ್ತು ಹಾಕಿ, ಬಹಳ ಸಲ ಅಲ್ಲೇ ಸಿಗುತ್ತದೆ.

## ಹಂತ 5: ಫ್ಯೂಸ್ ಪ್ಯಾನೆಲ್‌ನಲ್ಲಿ ದಾರಿ ಹುಡುಕಿ

ಆರ್‌ವಿಯ ಪ್ಯಾನೆಲ್‌ನಲ್ಲಿ ಒಂದು ಬದಿ 120 ವೋಲ್ಟ್ ಬ್ರೇಕರ್‌ಗಳು, ಇನ್ನೊಂದು ಬದಿ 12 ವೋಲ್ಟ್ ಬ್ಲೇಡ್ ಫ್ಯೂಸ್‌ಗಳು. ಶೋರ್ ಪವರ್ ಕಿತ್ತಿದೆ, ಇನ್ವರ್ಟರ್ ಆಫ್ ಇದೆ ಅಂತ ಇನ್ನೊಮ್ಮೆ ಖಾತ್ರಿ ಮಾಡಿಕೊಂಡೇ ಮುಚ್ಚಳ ತೆಗೆಯಿರಿ. ಫೋನಿನಲ್ಲಿ ಫೋಟೋ ತೆಗೆದಿಡಿ, ಯಾವ ಬಣ್ಣ ಎಲ್ಲಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30.

ಎರಡು ವಿಧಾನಗಳಿವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು: ಡಿಸ್‌ಕನೆಕ್ಟ್ ಸ್ವಿಚ್ ಆನ್ ಇಟ್ಟು, ಬ್ಯಾಟರಿ ಹತ್ತಿರ ಒಬ್ಬರು ಮೀಟರ್ ನೋಡುತ್ತಿರಬೇಕು, ಒಳಗೆ ಇನ್ನೊಬ್ಬರು ಒಂದೊಂದೇ ಫ್ಯೂಸ್ ಕೀಳಬೇಕು. ರೀಡಿಂಗ್ ಇಳಿದರೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಿ. ಕಿತ್ತ ಫ್ಯೂಸನ್ನು ವಾಪಸ್ ಹಾಕಬೇಡಿ, ಹಾಗೇ ಮುಂದುವರಿಯಿರಿ. ವಾಪಸ್ ಹಾಕಿದರೆ ಆ ಸಾಧನ ಮತ್ತೆ ಎಚ್ಚರವಾಗಿ ಜಾಸ್ತಿ ಎಳೆಯುತ್ತದೆ, ಲೆಕ್ಕ ಕಲಸಿಹೋಗುತ್ತದೆ.

ಎರಡನೆಯದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಏನನ್ನೂ ಕೀಳಬೇಕಿಲ್ಲ, ಒಬ್ಬರೇ ಮಾಡಬಹುದು. ಬ್ಯಾಟರಿ ಕೇಬಲ್‌ಗಳನ್ನೆಲ್ಲ ವಾಪಸ್ ಜೋಡಿಸಿ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಮೀಟರನ್ನು ಮಿಲಿ ವೋಲ್ಟ್‌ಗೆ ಇಟ್ಟು ಎರಡು ಮೊನೆಗಳನ್ನೂ ಆ ಚುಕ್ಕೆಗಳಿಗೆ ಒತ್ತಿ. 0.0 ಬಂದರೆ ಆ ಫ್ಯೂಸಿನಲ್ಲಿ ಗಮನಿಸುವಷ್ಟು ಕರೆಂಟ್ ಹೋಗುತ್ತಿಲ್ಲ. ಏನಾದರೂ ತೋರಿಸಿದರೆ ಹೋಗುತ್ತಿದೆ. ಕೆಂಪು 10 ಆಂಪ್ ಫ್ಯೂಸಿನಲ್ಲಿ 1 ಮಿಲಿ ವೋಲ್ಟ್ ಅಂದರೆ ಸುಮಾರು 0.13 ಆಂಪ್. ನೀಲಿ 15 ಆಂಪ್ ಫ್ಯೂಸಿನಲ್ಲಿ ಅದೇ 1 ಮಿಲಿ ವೋಲ್ಟ್ ಅಂದರೆ ಸುಮಾರು 0.2 ಆಂಪ್. ಐದು ನಿಮಿಷದಲ್ಲಿ ಇಡೀ ಪ್ಯಾನೆಲ್ ನೋಡಿ ಮುಗಿಸಬಹುದು.

ಪ್ಯಾನೆಲ್‌ನ ಒಂದು ತುದಿಯಲ್ಲಿ 30 ಅಥವಾ 40 ಆಂಪ್‌ನ ಎರಡು ಫ್ಯೂಸ್‌ಗಳು ಜೋಡಿಯಾಗಿ ಇರುತ್ತವೆ. ಬ್ಯಾಟರಿ ವೈರ್ ಉಲ್ಟಾ ಜೋಡಿಸಿದರೆ ಸುಟ್ಟುಹೋಗಿ ಕನ್ವರ್ಟರನ್ನು ಉಳಿಸುವುದು ಇವೇ. ಇವನ್ನು ಕೊನೆಗೆ ನೋಡಿ. ಕಿತ್ತಾಗ ರೀಡಿಂಗ್ ಸ್ವಲ್ಪ ಇಳಿದರೆ ಕನ್ವರ್ಟರ್ ಬೋರ್ಡೇ ತಿನ್ನುತ್ತಿರಬಹುದು.

## ಹಂತ 6: ಸ್ವಿಚ್ಚಿಗೆ ಸಿಗದ ವೈರ್‌ಗಳು

ಎಲ್ಲ ಫ್ಯೂಸ್ ಕಿತ್ತರೂ ಮೀಟರ್ ಸೊನ್ನೆಗೆ ಬರಲಿಲ್ಲ ಅಂದುಕೊಳ್ಳಿ. ಉಳಿದದ್ದು ಪ್ಯಾನೆಲ್‌ಗೇ ಬರದ ವೈರ್‌ಗಳು. ಅವನ್ನು ಬ್ಯಾಟರಿ ಡಬ್ಬಿಯ ಹತ್ತಿರವೇ ಹುಡುಕಬೇಕು. ಪಾಸಿಟಿವ್ ಕಂಬದಿಂದ ಹೊರಡುವ ಒಂದೊಂದು ವೈರನ್ನೂ ಕೈಯಲ್ಲಿ ಹಿಡಿದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ, ಟೇಪ್ ಅಂಟಿಸಿ ಹೆಸರು ಬರೆಯಿರಿ. ಕೆಲವಕ್ಕೆ ನಡುವೆ ಇನ್‌ಲೈನ್ ಫ್ಯೂಸ್ ಇರುತ್ತದೆ, ಕೆಲವಕ್ಕೆ ಫ್ರೇಮ್ ಮೇಲೆ ಸಣ್ಣ ಲೋಹದ ಬ್ರೇಕರ್ ಡಬ್ಬಿ.

ಸಾಮಾನ್ಯವಾಗಿ ಸಿಗುವುವು ಇಷ್ಟು: ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್, ಟಂಗ್ ಜ್ಯಾಕ್, ಸೋಲಾರ್ ಕಂಟ್ರೋಲರ್, ಇನ್ವರ್ಟರ್. ಎಷ್ಟೋ ಗಾಡಿಗಳಲ್ಲಿ ಗ್ಯಾಸ್ ಡಿಟೆಕ್ಟರ್, ಮೋಟರ್‌ಹೋಮ್ ಆದರೆ ಬಾಗಿಲ ಮೆಟ್ಟಿಲ ಮೋಟರ್ ಕೂಡ. ಡಿಸ್‌ಕನೆಕ್ಟ್ ಅಂತ ಬರೆದಿದ್ದರೂ ಆ ಸ್ವಿಚ್ ಇವ್ಯಾವುದನ್ನೂ ಕಡಿಯುವುದಿಲ್ಲ. "ಸ್ವಿಚ್ ಆಫ್ ಮಾಡಿದ್ದೆ ಸಾರ್, ಆದರೂ ಖಾಲಿ" ಅನ್ನುವವರ ಉತ್ತರ ಇಲ್ಲೇ ಇದೆ.

## ಹಂತ 7: ಮಾಮೂಲಿ ಕಳ್ಳರು

ಪ್ರೊಪೇನ್ ಗ್ಯಾಸ್ ಡಿಟೆಕ್ಟರ್. ನೆಲದ ಹತ್ತಿರ ಗೋಡೆಯಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ. ದಿನದ 24 ಗಂಟೆಯೂ 50ರಿಂದ 130 ಮಿಲಿ ಆಂಪ್ ಎಳೆಯುತ್ತದೆ. ಎರಡು ತಿಂಗಳಿಗೆ ಇದೊಂದೇ ಸಾಕು. ಹಾಗಂತ ಗಾಡಿಯಲ್ಲಿ ಮಲಗುವ ಕಾಲದಲ್ಲಿ ಇದನ್ನು ಆಫ್ ಮಾಡುವ ಯೋಚನೆಯೇ ಬೇಡ. ಸಿಲಿಂಡರ್ ಮುಚ್ಚಿ, ಯಾರೂ ಒಳಗಿಲ್ಲದೆ ಗಾಡಿ ನಿಂತಿರುವಾಗ ಮಾತ್ರ.

ಫ್ರಿಜ್. ಇಲ್ಲಿ ಎರಡು ಜಾತಿ. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್‌ಗೆ ಕಂಟ್ರೋಲ್ ಬೋರ್ಡಿಗಷ್ಟೇ 12 ವೋಲ್ಟ್ ಬೇಕು. ಆದರೆ ಎರಡು ಬಾಗಿಲಿನ ಕೆಲವು ಮಾದರಿಗಳಲ್ಲಿ ಬಾಗಿಲುಗಳ ನಡುವಿನ ಪಟ್ಟಿಯಲ್ಲಿ ಬೆವರು ಒಣಗಿಸುವ ಪುಟ್ಟ ಹೀಟರ್ ಇರುತ್ತದೆ, 0.3ರಿಂದ 0.5 ಆಂಪ್. ಅದರ ಸ್ವಿಚ್ ಬಾಗಿಲ ಚೌಕಟ್ಟಿನಲ್ಲಿ ಅಡಗಿ ಕೂತಿರುತ್ತದೆ. ಈಚಿನ ಗಾಡಿಗಳಲ್ಲಿ ಬರುತ್ತಿರುವುದು 12 ವೋಲ್ಟ್ ಕಂಪ್ರೆಸರ್ ಫ್ರಿಜ್. ಅದು ಓಡುವಾಗ 5 ಆಂಪ್ ಹತ್ತಿರ ಎಳೆಯುತ್ತದೆ. ಆಫ್ ಮಾಡದೆ ಹೋದರೆ ಒಂದೆರಡು ದಿನದಲ್ಲಿ ಬ್ಯಾಟರಿ ಮುಗಿಯಿತು.

ಇನ್ವರ್ಟರ್. ಏನೂ ಓಡದಿದ್ದರೂ 2000 ವ್ಯಾಟ್‌ನದ್ದು 1ರಿಂದ 2 ಆಂಪ್ ತಿನ್ನುತ್ತದೆ. ದಿನಕ್ಕೆ 24ರಿಂದ 48 ಆಂಪ್ ಅವರ್.

ಟಿವಿ ಆಂಟೆನಾ ಬೂಸ್ಟರ್. ಟಿವಿ ಪಕ್ಕದ ಗೋಡೆ ಪ್ಲೇಟಿನಲ್ಲಿ ಉಗುರಿನಷ್ಟು ಬಟನ್, ಜೊತೆಗೆ ಒಂದು ದೀಪ. ಟಿವಿ ಆಫ್ ಮಾಡಿದರೂ ಇದು ಆಫ್ ಆಗುವುದಿಲ್ಲ. ಬಟನ್ ಇದೆ ಅಂತಲೇ ಗೊತ್ತಿಲ್ಲದ ಮಾಲೀಕರು ಬೇಕಾದಷ್ಟು ಜನ ಇದ್ದಾರೆ.

ಸಾಮಾನಿನ ಗೂಡಿನ ದೀಪ. ಹಳೆ ಗಾಡಿಯಾದರೆ ಗುಂಡು ಬಲ್ಬ್ ಒಂದೇ ಸುಮಾರು 1.4 ಆಂಪ್, ಅಂದರೆ ದಿನಕ್ಕೆ 33 ಆಂಪ್ ಅವರ್. ಬಾಗಿಲು ಮುಚ್ಚಿದ ಮೇಲೆ ಆರುತ್ತದೆಯೋ ಇಲ್ಲವೋ ಹೇಗೆ ತಿಳಿಯುವುದು? ಫೋನಿನಲ್ಲಿ ವಿಡಿಯೊ ಆನ್ ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿ, ಅರ್ಧ ನಿಮಿಷ ಬಿಟ್ಟು ತೆಗೆದು ನೋಡಿ.

ಸ್ಟೀರಿಯೊ. ಬಟನ್ ಒತ್ತಿದರೆ ಪರದೆ ಆರುತ್ತದೆ, ಕೆಲವು ಮಾದರಿಗಳು ಒಳಗೊಳಗೇ ಎಚ್ಚರ ಇರುತ್ತವೆ. ಫ್ಯೂಸ್ ಮೇಲಿನ ಮಿಲಿ ವೋಲ್ಟ್ ಇದನ್ನು ತಕ್ಷಣ ತೋರಿಸಿಕೊಡುತ್ತದೆ.

ಬ್ರೇಕ್‌ಅವೇ ಪಿನ್. ಇದು ಸ್ಟ್ಯಾಂಡ್‌ಬೈ ಲೆಕ್ಕಕ್ಕೆ ಸೇರದಿದ್ದರೂ ಹೇಳಲೇಬೇಕು. ಟ್ರೇಲರ್ ಬಿಚ್ಚುವಾಗ ಕೇಬಲ್ ಎಳೆದು ಪಿನ್ ಹೊರಬಂದಿದ್ದರೆ ಬ್ರೇಕುಗಳು ಹಿಡಿದೇ ಇರುತ್ತವೆ. ಎರಡು ಆಕ್ಸಲ್‌ನ ಟ್ರೇಲರ್‌ನಲ್ಲಿ 12ರಿಂದ 15 ಆಂಪ್ ಹೋಗುತ್ತದೆ. ಒಂದೇ ರಾತ್ರಿಗೆ ಬ್ಯಾಟರಿ ಸಂಪೂರ್ಣ ಖಾಲಿ, ಬ್ರೇಕ್ ಮ್ಯಾಗ್ನೆಟ್‌ಗಳೂ ಬಿಸಿಯಾಗಿ ಕೆಡಬಹುದು.

## ಹಂತ 8: ಪರಿಹಾರ, ಅಗ್ಗದ್ದರಿಂದ ಶುರು

ಅಭ್ಯಾಸದಿಂದ ಸರಿಹೋಗುವುದಕ್ಕೆ ದುಡ್ಡು ಹಾಕಬೇಡಿ. ಬೂಸ್ಟರ್, ಇನ್ವರ್ಟರ್, ಫ್ರಿಜ್, ಗೂಡಿನ ದೀಪ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಿದರೆ ಸಾಕು.

ನಂತರದ್ದು ಬ್ಯಾಟರಿಯ ನೆಗೆಟಿವ್ ಮೇಲೇ ಕೂರಿಸುವ ತಿರುಗಿಸುವ ಸ್ವಿಚ್. ಗಾಡಿಗೆ ಹೋಗುವ ಎಲ್ಲ ನೆಗೆಟಿವ್ ವೈರ್‌ಗಳೂ ಸ್ವಿಚ್ಚಿನ ಆಚೆ ಬದಿಗೆ ಹೋಗಬೇಕು. ಒಂದು ತಪ್ಪಿಸಿಕೊಂಡರೂ ಪ್ರಯೋಜನವಿಲ್ಲ. ಸೋಲಾರ್ ವೈರ್ ಮಾತ್ರ ಬೇಕೆಂದೇ ಬ್ಯಾಟರಿ ಕಡೆಗೆ ಬಿಡಬಹುದು, ಆಗ ಗಾಡಿ ಕಡಿದಿದ್ದರೂ ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ. ಸ್ವಿಚ್ ಹಾಕಿದ ಮೇಲೆ ಹಂತ 3ರ ಅಳತೆ ಇನ್ನೊಮ್ಮೆ ಮಾಡಿ. ಸೊನ್ನೆ, ಅಥವಾ ಸೋಲಾರ್ ಕಂಟ್ರೋಲರಿನ ಒಂದೆರಡು ಹತ್ತು ಮಿಲಿ ಆಂಪ್ ಮಾತ್ರ ಉಳಿಯಬೇಕು.

ಸೋಲಾರ್‌ನಿಂದಲೇ ತುಂಬಿಸಿಕೊಳ್ಳುವವರು ಲೆಕ್ಕ ಹಾಕಿ ಕೊಳ್ಳಿ. 20 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನಲ್ಲಿ ದಿನಕ್ಕೆ 4 ಆಂಪ್ ಅವರ್ ಚಿಲ್ಲರೆ ಕೊಡುತ್ತದೆ. 0.25 ಆಂಪ್ ಹೋಗುವ ಗಾಡಿಗೆ ಅದು ಸಾಲದು. 50 ವ್ಯಾಟ್ ಆದರೆ ಬೇಸಗೆಯಲ್ಲಿ ಸಾಕು, ಚಳಿಗಾಲದ ಸಣ್ಣ ಹಗಲಿಗೆ ಮತ್ತೆ ಕಷ್ಟ. ಪ್ಯಾನೆಲ್ ಮೇಲೆ ಹಿಮ ಬಿದ್ದರೆ ಅಥವಾ ಗಾಡಿ ಮಾಡಿನ ಕೆಳಗೆ ನಿಂತಿದ್ದರೆ ಏನೂ ಬರುವುದಿಲ್ಲ.

ಮನೆ ಮುಂದೆ ಪ್ಲಗ್ ಹಾಕಿ ನಿಲ್ಲಿಸುವವರಿಗೆ ಖಾಲಿಯಾಗುವ ಚಿಂತೆ ಇಲ್ಲ, ಬೇರೆ ಚಿಂತೆ ಇದೆ. ಹಳೆ ಕನ್ವರ್ಟರ್‌ಗಳು ಯಾವಾಗಲೂ 13.6 ವೋಲ್ಟ್ ಕೊಡುತ್ತಲೇ ಇರುತ್ತವೆ, ಬ್ಯಾಟರಿಯ ನೀರು ಆರುತ್ತದೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ, ಪ್ಲೇಟ್ ಕಾಣುತ್ತಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ನಲ್ಲಿ ನೀರು ಬೇಡ.

ಮೂರು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ನನ್ನ ಪ್ರಕಾರ ಇದ್ಯಾವುದೂ ಬೇಡ. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಬಿಚ್ಚಿ ಮನೆ ಗ್ಯಾರೇಜಿಗೆ ತನ್ನಿ. ಲಿಥಿಯಂ ಆದರೆ ಅರ್ಧದಷ್ಟು ಚಾರ್ಜ್‌ನಲ್ಲಿ ಕೇಬಲ್ ಬಿಚ್ಚಿಡಿ.

## ಕೂಡಲೇ ಗಮನಿಸಬೇಕಾದ ಲಕ್ಷಣಗಳು

ಗ್ಯಾಸ್ ಡಿಟೆಕ್ಟರ್ ಬಿಟ್ಟು ಬಿಟ್ಟು ಕೂಗುತ್ತಿದ್ದರೆ ವೋಲ್ಟೇಜು ತೀರಾ ಇಳಿದಿರಬಹುದು, ಇಲ್ಲವೇ ಡಿಟೆಕ್ಟರಿನ ಆಯಸ್ಸೇ ಮುಗಿದಿರಬಹುದು. ಹಿಂಬದಿಯಲ್ಲಿ ಬರೆದ ತಾರೀಖು ನೋಡಿ. ಆದರೆ ಮೊದಲು ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ.

ಬ್ಯಾಟರಿ ಡಬ್ಬಿ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಚಾರ್ಜ್ ಆಗುವಾಗ ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾದರೆ ಚಾರ್ಜರ್ ನಿಲ್ಲಿಸಿ, ಗಾಳಿಯಾಡಲು ಬಿಡಿ. ಒಳಗೆ ಸೆಲ್ ಕೆಟ್ಟಿರಬಹುದು. ಮೋಟರ್‌ಹೋಮ್‌ನಲ್ಲಿ ಹೌಸ್ ಬ್ಯಾಟರಿ ಮತ್ತು ಚಾಸಿ ಬ್ಯಾಟರಿ ಎರಡೂ ಒಟ್ಟಿಗೆ ಸಾಯುತ್ತಿದ್ದರೆ ಅವೆರಡನ್ನು ಬೇರೆ ಮಾಡುವ ಐಸೊಲೇಟರ್ ರಿಲೇ ಅಂಟಿಕೊಂಡಿರುವ ಸಾಧ್ಯತೆ ದೊಡ್ಡದು. ಎಂಜಿನ್ ಆಫ್ ಇರುವಾಗ ರಿಲೇಯ ಎರಡು ದಪ್ಪ ಕಂಬಗಳ ನಡುವೆ ವೋಲ್ಟೇಜು ನೋಡಿ. ಎರಡು ಬ್ಯಾಟರಿಗಳ ಚಾರ್ಜು ಬೇರೆ ಬೇರೆ ಇದ್ದೂ ಅಲ್ಲಿ ಸೊನ್ನೆ ಬಂದರೆ ರಿಲೇ ಬಿಟ್ಟಿಲ್ಲ.

## ಮತ್ತೆ ಹೊರಡುವ ಮೊದಲು

ಬ್ಯಾಟರಿ ಕಡಿದಿದ್ದಾಗ ಬ್ರೇಕ್‌ಅವೇ ಕೂಡ ಕೆಲಸ ಮಾಡುವುದಿಲ್ಲ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕಿಗೆ ಕರೆಂಟ್ ಬರುವುದು ಈ ಬ್ಯಾಟರಿಯಿಂದಲೇ. ಆದ್ದರಿಂದ ಎಳೆಯುವ ಮೊದಲು ಹೀಗೆ ಮಾಡಿ: ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಜೋಡಿಸಿ. ಸ್ವಿಚ್ ಆನ್ ಮಾಡಿ. ವೋಲ್ಟೇಜು 12.4ಕ್ಕಿಂತ ಮೇಲಿದೆಯೇ ನೋಡಿ, ಲಿಥಿಯಂ ಆದರೆ ಮಾನಿಟರ್ ನೋಡಿ. ಗ್ಯಾಸ್ ಡಿಟೆಕ್ಟರಿನ ಹಸಿರು ದೀಪ ಬಂದಿರಲಿ. 7 ಪಿನ್ ಕನೆಕ್ಟರ್ ಬಿಚ್ಚಿಟ್ಟು ಬ್ರೇಕ್‌ಅವೇ ಪಿನ್ ಎಳೆಯಿರಿ. ಟ್ರಕ್ಕಿನಿಂದ ಮೆಲ್ಲಗೆ ಎಳೆದಾಗ ಟ್ರೇಲರ್ ಚಕ್ರ ಹಿಡಿದುಕೊಳ್ಳಬೇಕು. ಹಿಡಿದರೆ ಪಿನ್ ತಕ್ಷಣ ವಾಪಸ್ ತೂರಿಸಿ, ಆಮೇಲೆ 7 ಪಿನ್ ಹಾಕಿ. ಹಿಡಿಯದಿದ್ದರೆ ಅವತ್ತು ರಸ್ತೆಗೆ ಇಳಿಯಬೇಡಿ. ಹೊಸದಾಗಿ ಸ್ವಿಚ್ ಕೂರಿಸಿದವರು ಬ್ರೇಕ್‌ಅವೇ ವೈರ್ ಎಲ್ಲಿಗೆ ಹೋಯಿತು ಅಂತ ಮೊದಲು ನೋಡಿ.